ದಮ್ಮು ಬೇಡ, ಹಗ್ಗ ಕೊಡಿ

‘ಈ ಸೀನಿಗೆ ಡೂಪ್ ಬಳಸಿಲ್ಲ’ ಅಂತ ಪ್ರೆಸ್‌ಮೀಟಲ್ಲಿ ಹೀರೋ ಹೇಳಿದ ಕೂಡಲೇ ಚಪ್ಪಾಳೆ ಬೀಳುತ್ತೆ. ಟ್ರೇಲರ್ ಕೆಳಗೆ ‘ಏನ್ ಗುಂಡಿಗೆ ಗುರು’ ಅಂತ ಸಾಲು ಸಾಲು ಕಾಮೆಂಟು. ಈ ಚಪ್ಪಾಳೆ ನಿಲ್ಲಬೇಕು ಅನ್ನೋದು ನನ್ನ ವಾದ. ಯಾಕೆ ಅಂದ್ರೆ ‘ದಮ್ಮು’, ‘ಗುಂಡಿಗೆ’, ‘ರಿಯಲ್ ಸ್ಟಂಟ್’ ಅನ್ನೋ ಮಾತುಗಳ ಹಿಂದೆ ಒಂದು ಲೆಕ್ಕ ಅಡಗಿ ಕೂತಿದೆ. ಹಗ್ಗಕ್ಕೆ, ಬೋಟಿಗೆ, ಆಂಬುಲೆನ್ಸಿಗೆ ಖರ್ಚು ಮಾಡದೆ ಉಳಿಸಿದ ದುಡ್ಡಿನ ಲೆಕ್ಕ ಅದು.

2016ರ ನವೆಂಬರ್ 7 ನೆನಪು ಮಾಡಿಕೊಳ್ಳಿ. ‘ಮಾಸ್ತಿಗುಡಿ’ ಚಿತ್ರದ ಕ್ಲೈಮ್ಯಾಕ್ಸ್. ಮಾಸ್ತಿಗುಡಿ ಅನ್ನೋದು ನಮ್ಮ ಎಚ್.ಡಿ. ಕೋಟೆ ಕಡೆಯ ಕಾಡಿನ ಹೆಸರು. ಆ ದಿನದ ಶೂಟಿಂಗ್ ಮಾತ್ರ ಬೆಂಗಳೂರಿನ ಹತ್ತಿರ, ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ. ಹೆಲಿಕಾಪ್ಟರಿನಿಂದ ಮೂವರು ನೀರಿಗೆ ಹಾರಿದರು. ನಾಯಕನಟ ದುನಿಯಾ ವಿಜಯ್ ಬದುಕಿ ಬಂದರು. ಖಳನಟರಾಗಿ ಆಗತಾನೇ ಮೇಲೆ ಬರುತ್ತಿದ್ದ ಅನಿಲ್ ಮತ್ತು ಉದಯ್ ಬರಲಿಲ್ಲ. ಈಜು ಅಷ್ಟಾಗಿ ಬರಲ್ಲ ಅಂತ ಹಾರುವ ಮೊದಲು ಟಿವಿಯವರ ಮುಂದೆ ಅವರೇ ಹೇಳಿದ್ದರು. ಆದರೂ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಮುಳುಗುತ್ತಿದ್ದವರನ್ನು ಎತ್ತಿಕೊಳ್ಳೋಕೆ ಬೋಟು ಹೊತ್ತಿಗೆ ಸರಿಯಾಗಿ ತಲುಪಲೇ ಇಲ್ಲ. ದೇಹ ಸಿಗೋಕೆ ದಿನಗಳೇ ಹಿಡಿದವು. ನಿರ್ಮಾಪಕ, ನಿರ್ದೇಶಕ, ಸಾಹಸ ನಿರ್ದೇಶಕರ ಬಂಧನ ಆಯಿತು, ಚಾನೆಲ್‌ಗಳಲ್ಲಿ ಚರ್ಚೆ ಆಯಿತು. 2017ರ ಮೇ ತಿಂಗಳಲ್ಲಿ ಸಿನಿಮಾನೂ ಬಂತು, ನಾವು ಹೋಗಿ ನೋಡಿದ್ದೂ ಆಯಿತು.

ಇಲ್ಲಿ ಸ್ವಲ್ಪ ಪಿಯುಸಿ ಫಿಸಿಕ್ಸ್ ಮಾಡೋಣ. 60 ಅಡಿಯಿಂದ ಹಾರಿದವನು ನೀರು ಮುಟ್ಟುವಾಗ ಗಂಟೆಗೆ ಸುಮಾರು 68 ಕಿಲೋಮೀಟರ್ ವೇಗದಲ್ಲಿರುತ್ತಾನೆ. 100 ಅಡಿ ಆದರೆ 85 ದಾಟುತ್ತೆ. ಒಲಿಂಪಿಕ್ಸ್‌ನಲ್ಲಿ ವರ್ಷಗಟ್ಟಲೆ ಅಭ್ಯಾಸ ಮಾಡಿದವರು ಹಾರೋ ಅತಿ ಎತ್ತರದ ಕಟ್ಟೆ 10 ಮೀಟರ್, ಅಂದ್ರೆ 33 ಅಡಿ. ಇದನ್ನೆಲ್ಲ ಲೆಕ್ಕ ಹಾಕೋಕೆ ಎಂಜಿನಿಯರಿಂಗ್ ಓದಬೇಕಿಲ್ಲ. ಒಂದು ಪೆನ್ನು, ಒಂದು ಹಾಳೆ, ‘ಆಮೇಲೆ ಏನಾಗುತ್ತೆ’ ಅಂತ ಕೇಳೋ ಒಬ್ಬ ಮನುಷ್ಯ ಇದ್ದರೆ ಸಾಕು.

ಆ ಒಬ್ಬ ಮನುಷ್ಯ ಸೆಟ್ಟಿನಲ್ಲಿ ಇರಲ್ಲ ಅನ್ನೋದೇ ನನ್ನ ಸಿಟ್ಟು. ನಮ್ಮ ಆಫೀಸುಗಳನ್ನೇ ನೋಡಿ. ಆ್ಯಪಿನಲ್ಲಿ ಒಂದು ಬಟನ್ನಿನ ಬಣ್ಣ ಬದಲಿಸೋಕೆ ಟಿಕೆಟ್, ರಿವ್ಯೂ, ಅಪ್ರೂವಲ್, ಕೈಕೊಟ್ಟರೆ ವಾಪಸ್ ಬರೋಕೆ ರೋಲ್‌ಬ್ಯಾಕ್ ಪ್ಲ್ಯಾನ್. ಶುಕ್ರವಾರ ಸಂಜೆ ರಿಲೀಸ್ ಮಾಡ್ತೀನಿ ಅಂದವನನ್ನು ‘ಏನ್ ದಮ್ಮು ಗುರು’ ಅಂತ ಯಾರೂ ಹೊಗಳಲ್ಲ, ‘ತಲೆ ಕೆಟ್ಟಿದೆಯಾ’ ಅಂತ ಕೇಳ್ತಾರೆ. ವಾಪಸ್ ಬರಲಾಗದ ಕೆಲಸಕ್ಕೆ ಮನುಷ್ಯನನ್ನು ಕಳಿಸುವಾಗ ಮಾತ್ರ ನಮಗೆ ಶಿಳ್ಳೆ ಹೊಡೆಯೋ ಉತ್ಸಾಹ.

2021ರ ಆಗಸ್ಟ್‌ನಲ್ಲಿ ಬಿಡದಿ ಹತ್ತಿರ ‘ಲವ್ ಯು ರಚ್ಚು’ ಚಿತ್ರದ ಫೈಟ್ ಶೂಟಿಂಗ್ ನಡೀತಿತ್ತು. ಕ್ರೇನು, ಲೋಹದ ಹಗ್ಗ, ಮೇಲೆ ಹೈಟೆನ್ಷನ್ ವೈರು. ಕರೆಂಟ್ ಹೊಡೆದು ವಿವೇಕ್ ಅನ್ನೋ ಫೈಟರ್ ಸತ್ತರು. ನಮ್ಮ ಹುಣಸೂರು, ಪಿರಿಯಾಪಟ್ಟಣದ ಹಳ್ಳಿಗಳಲ್ಲಿ ತೆಂಗಿನ ಗರಿ ವೈರಿನ ಮೇಲೆ ಬಿದ್ದರೂ ಮೊದಲು ಲೈನ್‌ಮ್ಯಾನ್‌ಗೆ ಫೋನು ಹೋಗುತ್ತೆ: ‘ಅಣ್ಣ, ಒಂಚೂರು ಕರೆಂಟ್ ತೆಗೀರಣ್ಣ.’ ಆಮೇಲೇ ಗರಿಗೆ ಕೈ. ಗರಿ ಎಳೆಯೋಕೆ ಇರೋ ಎಚ್ಚರ ಲಕ್ಷಾಂತರ ಸುರಿಯೋ ಶೂಟಿಂಗಿನಲ್ಲಿ ಯಾಕೆ ಇರಲ್ಲ? ಅನಿಲ್ ಮತ್ತು ಉದಯ್‌ಗೆ ಬೇಕಿದ್ದದ್ದು ಜಾಕೆಟ್ಟು, ಬೋಟು. ವಿವೇಕ್‌ಗೆ ಬೇಕಿದ್ದದ್ದು ಆಫ್ ಆದ ಒಂದು ಲೈನು. ಈ ಮೂರು ಸಾವನ್ನೂ ‘ಸಾಹಸ’ದ ಖಾತೆಗೆ ಬರೆಯೋದು ಶುದ್ಧ ಸುಳ್ಳು.

ಟಿವಿಯವರೂ ಬೇರೆ ಅಲ್ಲ. ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯ ಸೆಟ್ಟಿಗೆ ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಬೆಂಕಿ ಬಿದ್ದದ್ದು 1989ರ ಫೆಬ್ರವರಿ 8ರಂದು. 62 ಜನ ಸತ್ತರು. ಗೋಣಿಚೀಲದ ಗೋಡೆ, ಸಡಿಲ ವೈರಿಂಗು, ಹೊಗೆ ಹೊರಗೆ ಹೋಗೋಕೆ ಕಿಂಡಿ ಇಲ್ಲ. ಅಂದು ಸ್ಟಂಟಿನವರಷ್ಟೇ ಸಾಯಲಿಲ್ಲ. ಸುರಕ್ಷತೆ ಯಾರ ಕೆಲಸವೂ ಅಲ್ಲದ ಜಾಗದಲ್ಲಿ ಬೆಂಕಿ ‘ನೀನು ಫೈಟರಾ, ಲೈಟ್‌ಬಾಯಾ’ ಅಂತ ಕೇಳಲ್ಲ.

‘ಅವರೇ ಒಪ್ಕೊಂಡು ಮಾಡಿದ್ದಲ್ವಾ?’ ಅನ್ನೋರಿದ್ದಾರೆ. ಟೈಗರ್ ಪ್ರಭಾಕರ್ ಫೈಟರ್ ಆಗಿ ಬಂದು ಹೀರೋ ಆದವರು. ಆ ದಾರಿಯ ಆಸೆಯಲ್ಲಿ ಗರಡಿಯಿಂದ, ಜಿಮ್ಮಿನಿಂದ ಹುಡುಗರು ಗಾಂಧಿನಗರಕ್ಕೆ ಬರ್ತಾರೆ. ಇವತ್ತು ಬೆನ್ನು ಕಾಣುತ್ತೆ, ನಾಳೆ ಮುಖ ಕಾಣಬಹುದು. ಅಂಥವನ ಹತ್ತಿರ ಮಾಸ್ಟರ್ ಬಂದು ‘ಹಾರ್ತೀಯೇನೋ?’ ಅಂದರೆ ‘ಇಲ್ಲ ಸಾರ್’ ಅನ್ನೋಕೆ ಆಗುತ್ತಾ? ಅವನು ಬೇಡ ಅಂದರೆ ಹಿಂದೆ ಹತ್ತು ಜನ ನಿಂತಿದ್ದಾರೆ. ಹೊಟ್ಟೆಪಾಡಿಗೆ ಅಂದ ‘ಹೂಂ’ ಅನ್ನು ಒಪ್ಪಿಗೆ ಅಂತ ಕರೆಯೋದು ಮೋಸ.

‘ಕನ್ನಡ ಸಿನಿಮಾ ಬಜೆಟ್ ಚಿಕ್ಕದು’ ಅನ್ನೋದು ಇನ್ನೊಂದು ಸಬೂಬು. ಹೆಲಿಕಾಪ್ಟರ್ ಬಾಡಿಗೆಗೆ ದುಡ್ಡಿದ್ದವರಿಗೆ ಲೈಫ್ ಜಾಕೆಟ್ಟಿಗೆ ಇರಲಿಲ್ಲವಾ?

ಮೂರನೇ ಮಾತು: ‘ರಿಸ್ಕ್ ಇಲ್ದೆ ಸ್ಟಂಟ್ ಹೆಂಗೆ?’ ನಮ್ಮ ಕಡೆ ಹೊಗೆಸೊಪ್ಪು ಬೇಯಿಸೋ ಬ್ಯಾರನ್ ಒಳಗೆ ಒಮ್ಮೆ ಇಣುಕಿ. ಎರಡು ಮೂರು ಆಳೆತ್ತರದಲ್ಲಿ ಅಡ್ಡಗಳುಗಳ ಮೇಲೆ ಒಂದೊಂದು ಕಾಲಿಟ್ಟು ನಿಂತು, ಸೊಪ್ಪು ಕಟ್ಟಿದ ಕಡ್ಡಿಗಳನ್ನು ಕೈಯಿಂದ ಕೈಗೆ ಮೇಲೆ ದಾಟಿಸ್ತಾರೆ. ಕಾಲು ಎಲ್ಲಿ, ಭಾರ ಎಲ್ಲಿ ಅನ್ನೋದು ಅವರಿಗೆ ಗೊತ್ತು. ಅದನ್ನು ಯಾರೂ ಸಾಹಸ ಅನ್ನಲ್ಲ, ಕೆಲಸ ಅಂತಾರೆ. ಎಚ್.ಡಿ. ಕೋಟೆಯ ಕಾರಾಪುರದಲ್ಲಿ ಹುಟ್ಟಿದ ಮಾವುತನ ಮಗ ಸಾಬು, 1937ರ ‘ಎಲಿಫೆಂಟ್ ಬಾಯ್’ ಚಿತ್ರದಲ್ಲಿ ಆನೆ ಮೇಲೆ ಕೂತು ಜಗತ್ತನ್ನೇ ಬೆರಗಾಗಿಸಿದ. ನೋಡಿದವರಿಗೆ ಅದು ಧೈರ್ಯ, ಆ ಹುಡುಗನಿಗೆ ಹುಟ್ಟಿನಿಂದ ಕಲಿತ ಕಸುಬು. ಸ್ಟಂಟ್ ಕೂಡ ಕಸುಬೇ. ರಟ್ಟಿನ ಪೆಟ್ಟಿಗೆ ಎಷ್ಟು ಸಾಲು ಜೋಡಿಸಬೇಕು, ರೋಪ್ ಎಳೆಯೋರು ಎಷ್ಟು ಜನ ಬೇಕು, ಬೆಂಕಿ ಹಚ್ಚಿದರೆ ಎಷ್ಟು ಸೆಕೆಂಡಿಗೆ ಆರಿಸಬೇಕು ಅನ್ನೋದೆಲ್ಲ ಲೆಕ್ಕ. ಲೆಕ್ಕ ಹಾಕಿದ ಮೇಲೂ ಉಳಿಯೋ ಅಪಾಯ ಇರುತ್ತೆ. 2025ರ ಜುಲೈನಲ್ಲಿ ತಮಿಳುನಾಡಿನ ನಾಗಪಟ್ಟಣಂ ಬಳಿ ಕಾರ್ ಸ್ಟಂಟ್ ಮಾಡುವಾಗ ಸತ್ತ ಮೋಹನ್‌ರಾಜ್ ನುರಿತ ಕಲಾವಿದರೇ. ನುರಿತವರಿಗೇ ಹೀಗಾದರೆ, ಲೆಕ್ಕವೇ ಇಲ್ಲದೆ ಹೊಸಬರನ್ನು ತಳ್ಳೋದಕ್ಕೆ ಏನನ್ನಬೇಕು?

ಆ ಸಾವಿನ ನಂತರ, ಅಕ್ಷಯ್ ಕುಮಾರ್ ನೂರಾರು ಸ್ಟಂಟ್ ಕಲಾವಿದರಿಗೆ ವಿಮೆ ಮಾಡಿಸಿದ್ದಾರೆ ಅಂತ ಸುದ್ದಿಯಾಯಿತು. ಒಳ್ಳೆಯದೇ. ಆದರೆ ಕೂಲಿಯವನ ವಿಮೆ ಒಬ್ಬ ನಟನ ಧರ್ಮಬುದ್ಧಿಯ ಮೇಲೆ ನಿಲ್ಲಬೇಕಾ? ಲಿಖಿತ ಒಪ್ಪಂದ ಇಲ್ಲದೆ ಸಿನಿಮಾ ಕಾರ್ಮಿಕರನ್ನು ಕೆಲಸಕ್ಕೆ ಹಚ್ಚುವಂತಿಲ್ಲ ಅಂತ 1981ರಲ್ಲೇ ಕೇಂದ್ರ ಕಾನೂನು ಬಂದಿತ್ತು. 2025ರ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾದಾಗ ಸ್ಟಂಟ್ ಕಲಾವಿದರೂ ಇದರೊಳಗೆ ಅಂತ ಸರ್ಕಾರವೇ ಹೇಳಿತು. ಸಿನಿಮಾ ಕಾರ್ಮಿಕರ ಕ್ಷೇಮಕ್ಕೆ ಟಿಕೆಟ್ ಮೇಲೆ 1ರಿಂದ 2 ಪರ್ಸೆಂಟ್ ಸೆಸ್ ಹಾಕೋ ಕಾನೂನನ್ನು ಕರ್ನಾಟಕ 2024ರಲ್ಲಿ ಮಾಡಿತು. ಕಾಗದಕ್ಕೆ ಬರ ಇಲ್ಲ ಸ್ವಾಮಿ.

ಬೇಕಿರೋದು ಬಾಗಿಲಲ್ಲಿ ನಿಂತು ‘ಎಲ್ಲಿ, ತೋರ್ಸು’ ಅನ್ನೋ ಒಂದು ಕೈ. ಶೂಟಿಂಗಿಗೆ ಜಾಗ ಬೇಕಂದರೆ ಜಲಮಂಡಳಿ, ಅರಣ್ಯ ಇಲಾಖೆ, ನೀರಾವರಿ ಇಲಾಖೆ ಅಂತ ಯಾರದ್ದಾದರೂ ಅನುಮತಿ ಬೇಕೇ ಬೇಕು. ನಾಳೆ ಕಬಿನಿ ಹಿನ್ನೀರಿಗೋ ಕೆ.ಆರ್. ನಗರದ ಚುಂಚನಕಟ್ಟೆಗೋ ಫೈಟ್ ಸೀನ್ ತೆಗೆಯೋಕೆ ತಂಡ ಬಂದರೆ, ಬಾಡಿಗೆ ರಸೀದಿಯ ಜೊತೆಗೆ ನಾಲ್ಕು ಕಾಗದ ಕೇಳಲಿ: ಸ್ಟಂಟಿನ ವಿವರ, ಪ್ರತಿ ಫೈಟರ್‌ನ ವಿಮೆ, ಸ್ಥಳದಲ್ಲಿ ಆಂಬುಲೆನ್ಸ್ ಮತ್ತು ಮುಳುಗುಗಾರರು ಇರ್ತಾರೆ ಅನ್ನೋ ಖಾತ್ರಿ, ‘ನಿಲ್ಲಿಸಿ’ ಅಂದರೆ ಶಾಟ್ ನಿಲ್ಲಿಸೋ ಅಧಿಕಾರ ಇರೋ ಒಬ್ಬರ ಹೆಸರು. ಆ ಒಬ್ಬರು ನಿರ್ಮಾಪಕರ ಸಂಬಳದವರಾಗಿರಬಾರದು. ಕಾಗದ ಇಲ್ಲವಾ, ಕ್ಯಾಮೆರಾ ಇಳಿಸೋ ಹಾಗಿಲ್ಲ.

ಇನ್ನು ನಮ್ಮ ಪಾಲು. ವೀಕೆಂಡಿಗೆ ಮಲ್ಟಿಪ್ಲೆಕ್ಸ್ ತುಂಬಿಸೋರು ನಾವೇ, ಟ್ರೇಲರ್ ಶೇರ್ ಮಾಡೋರೂ ನಾವೇ. ‘ಡೂಪ್ ಇಲ್ಲ’ ಅನ್ನೋದು ಜಾಹೀರಾತು ಆಗಿರೋದು ನಾವು ಅದನ್ನು ಕೊಳ್ತಿರೋದ್ರಿಂದ. ಮುಂದಿನ ಸಲ ಯಾರಾದರೂ ಎದೆ ತಟ್ಟಿಕೊಂಡು ‘ಎಲ್ಲಾ ರಿಯಲ್ಲು’ ಅಂದರೆ ಕಾಮೆಂಟಿನಲ್ಲಿ ಬೆಂಕಿ ಇಮೋಜಿ ಹಾಕಬೇಡಿ. ಒಂದೇ ಒಂದು ಪ್ರಶ್ನೆ ಹಾಕಿ: ದಡದಲ್ಲಿ ಬೋಟ್ ಇತ್ತಾ?