ರೋಗ ವಾಸಿಯಾಗಿದೆ, ಊರಿನ ಬಾಗಿಲು ತೆರೆದಿಲ್ಲ

ಮಾಗಡಿ, ತಾವರೆಕೆರೆ ಕಡೆಯಿಂದ ಬೆಂಗಳೂರಿಗೆ ಹೋಗುವವರಿಗೆ ಸುಮನಹಳ್ಳಿ ಎಂದರೆ ಒಂದು ಬಸ್ ಸ್ಟಾಪು. ಸುಂಕದಕಟ್ಟೆ, ಕೊಟ್ಟಿಗೆಪಾಳ್ಯ ದಾಟಿದ ಮೇಲೆ ರಿಂಗ್ ರೋಡ್ ಸಿಗುವ ಜಾಗ. 2019ರಲ್ಲಿ ಅಲ್ಲಿನ ಮೇಲ್ಸೇತುವೆಯಲ್ಲಿ ತೂತು ಬಿದ್ದಾಗ ರಾಜ್ಯಕ್ಕೆಲ್ಲ ಸುದ್ದಿಯಾಯಿತು. ಆದರೆ ಅದೇ ಹೆಸರಿನ ಸಂಸ್ಥೆಯೊಳಗೆ ಯಾರಿದ್ದಾರೆ, ಯಾಕಿದ್ದಾರೆ ಎನ್ನುವುದು ಸೇತುವೆಯ ತೂತಿನಷ್ಟೂ ಸುದ್ದಿಯಾಗಿಲ್ಲ.

ಸುಮನಹಳ್ಳಿ ಕುಷ್ಠರೋಗಕ್ಕೆ ತುತ್ತಾದವರ ಪುನರ್ವಸತಿ ಕೇಂದ್ರ. ನಡೆಸುತ್ತಿರುವುದು ಬೆಂಗಳೂರಿನ ಕ್ಯಾಥೊಲಿಕ್ ಚರ್ಚಿಗೆ ಸೇರಿದ ಸಂಸ್ಥೆ. ಶುರುವಾದದ್ದು 1977ರ ಹೊತ್ತಿಗೆ, ದೇವರಾಜ ಅರಸು ಅವರ ಕಾಲದಲ್ಲಿ. ನಗರದ ಬೀದಿಗಳಲ್ಲಿ ಭಿಕ್ಷೆ ಬೇಡುತ್ತಿದ್ದ ಕುಷ್ಠರೋಗಿಗಳನ್ನು ನೋಡಿಕೊಳ್ಳುವಂತೆ ಸರ್ಕಾರವೇ ಆಗಿನ ಆರ್ಚ್‌ಬಿಷಪ್ ಆರೋಕಿಯಸ್ವಾಮಿ ಅವರನ್ನು ಕೇಳಿತು, ಜಾಗವನ್ನೂ ಗುತ್ತಿಗೆಗೆ ಕೊಟ್ಟಿತು. ಅಲ್ಲಿ ಗಾಯಕ್ಕೆ ಚಿಕಿತ್ಸೆ ಸಿಕ್ಕಿತು, ಬೆರಳು ಸವೆದ ಕಾಲಿಗೆ ಹೊಂದುವ ಚಪ್ಪಲಿ ಸಿಕ್ಕಿತು. ಹೊಲಿಗೆ, ಚರ್ಮದ ಕೆಲಸ ಕಲಿತು ದುಡಿಯುವ ದಾರಿ ಸಿಕ್ಕಿತು. ಮಕ್ಕಳಿಗೆ ಶಾಲೆ ಸಿಕ್ಕಿತು. ಮುಂದೆ ಎಚ್‌ಐವಿ ಇದ್ದವರನ್ನೂ ಅದೇ ಅಂಗಳ ಸೇರಿಸಿಕೊಂಡಿತು.

'ಕ್ರೈಸ್ತರ ಸೇವೆ' ಎಂದ ಕೂಡಲೇ ನಮ್ಮ ಊರುಗಳಲ್ಲಿ ಏಳುವ ಪ್ರಶ್ನೆ ಒಂದೇ: ಇದರ ಹಿಂದೆ ಮತಾಂತರ ಇದೆಯಾ? 2022ರಲ್ಲಿ ರಾಜ್ಯಕ್ಕೆ ಮತಾಂತರ ನಿಷೇಧ ಕಾಯ್ದೆ ಬಂದಾಗ 'ಆಮಿಷ' ಎಂಬ ಪದ ಅರಳಿಕಟ್ಟೆಯಲ್ಲೂ ಚರ್ಚೆಯಾಯಿತು. ಪ್ರಶ್ನೆ ಕೇಳುವುದು ತಪ್ಪಲ್ಲ. ಹಣ ಎಲ್ಲಿಂದ ಬರುತ್ತದೆ, ಲೆಕ್ಕ ಸರಿ ಇದೆಯಾ, ಊಟ ಹಾಕುವ ಕೈ ಇನ್ನೇನನ್ನಾದರೂ ವಾಪಸ್ ಕೇಳುತ್ತದೆಯಾ ಎಂದು ಚರ್ಚನ್ನೂ ಕೇಳಬೇಕು, ಮಠವನ್ನೂ ಕೇಳಬೇಕು, ಟ್ರಸ್ಟನ್ನೂ ಕೇಳಬೇಕು. ಆದರೆ ಅದೇ ಉಸಿರಿನಲ್ಲಿ ಇನ್ನೊಂದು ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳಬೇಕು. ಆ ಮನುಷ್ಯ ಅಲ್ಲಿಗೆ ಹೋಗುವ ಮೊದಲು ಎಲ್ಲಿದ್ದ? ಅವನನ್ನು ಊರು ಬಿಡಿಸಿದವರು ಯಾರು?

ಊರು ಬಿಡಿಸಿದ್ದು ಪಾದ್ರಿಯಲ್ಲ. ತಟ್ಟೆ ಬೇರೆ ಇಟ್ಟವರು, ಕೊಟ್ಟಿಗೆಯ ಪಕ್ಕ ಮಲಗಿಸಿದವರು, ಮಗಳ ಮದುವೆಗೆ ಅಡ್ಡಿಯಾಗುತ್ತದೆಂದು ಬಸ್ ಹತ್ತಿಸಿ ಕಳಿಸಿದವರು ನಮ್ಮವರೇ. ಕಾನೂನು ಕೂಡ ನಮ್ಮ ಜೊತೆಗೇ ನಿಂತಿತ್ತು. ಕುಷ್ಠರೋಗವನ್ನು ವಿಚ್ಛೇದನಕ್ಕೆ ಕಾರಣವಾಗಿ ಒಪ್ಪುವ ಸಾಲು ಹಿಂದೂ ವಿವಾಹ ಕಾಯ್ದೆಯಲ್ಲಿತ್ತು, ಮುಸ್ಲಿಂ ವಿವಾಹ ವಿಸರ್ಜನೆ ಕಾಯ್ದೆಯಲ್ಲಿತ್ತು, ಕ್ರೈಸ್ತರಿಗೆ ಅನ್ವಯಿಸುವ ವಿಚ್ಛೇದನ ಕಾಯ್ದೆಯಲ್ಲೂ ಇತ್ತು. ಅದನ್ನು ತೆಗೆದುಹಾಕಿದ್ದು 2019ರಲ್ಲಿ. ಅಂದರೆ ಈ ವಿಷಯದಲ್ಲಿ ಯಾವ ಧರ್ಮದವರೂ ಎದೆ ತಟ್ಟಿಕೊಳ್ಳುವಂತಿಲ್ಲ.

ಬೇಸರದ ಸಂಗತಿ ಎಂದರೆ, ಇಷ್ಟು ಹೆದರಲು ಕಾರಣವೇ ಇಲ್ಲ. ಕುಷ್ಠ ಶಾಪವಲ್ಲ, ಪೂರ್ವಜನ್ಮದ ಪಾಪವಲ್ಲ, ವಂಶದಿಂದ ಬರುವುದೂ ಅಲ್ಲ. ಅದಕ್ಕೆ ಕಾರಣ ಒಂದು ಬ್ಯಾಕ್ಟೀರಿಯಾ. 1873ರಲ್ಲೇ ನಾರ್ವೆಯ ವೈದ್ಯ ಹ್ಯಾನ್ಸೆನ್ ಅದನ್ನು ಕಂಡುಹಿಡಿದರು. ಮುಟ್ಟಿದ ಮಾತ್ರಕ್ಕೆ ಅಂಟುವುದಿಲ್ಲ. ಬಹುಪಾಲು ಜನರ ದೇಹಕ್ಕೆ ಅದನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆ. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಬಹುಔಷಧ ಚಿಕಿತ್ಸೆಯಿಂದ ರೋಗ ಪೂರ್ತಿ ವಾಸಿಯಾಗುತ್ತದೆ. 6 ತಿಂಗಳು, ಹೆಚ್ಚೆಂದರೆ 12 ತಿಂಗಳ ಮಾತ್ರೆ. ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ಪೈಸೆ ಖರ್ಚಿಲ್ಲ. ಮಾತ್ರೆ ಶುರು ಮಾಡಿದ ಸ್ವಲ್ಪ ದಿನದಲ್ಲೇ ಇನ್ನೊಬ್ಬರಿಗೆ ಹರಡುವುದೂ ನಿಲ್ಲುತ್ತದೆ.

ಹಾಗಾದರೆ ಕೈಕಾಲು ಊನವಾಗುವುದು ಯಾಕೆ? ತಡ ಮಾಡುವುದರಿಂದ. ರೋಗ ನರಕ್ಕೆ ಹಾನಿ ಮಾಡಿ ಚರ್ಮದ ಸ್ಪರ್ಶ ಹೋಗುತ್ತದೆ. ಬಿಸಿ ಪಾತ್ರೆ ಸುಟ್ಟರೂ ಗೊತ್ತಾಗುವುದಿಲ್ಲ, ಕಾಲಿಗೆ ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ. ಗಾಯದ ಮೇಲೆ ಗಾಯವಾಗಿ ಬೆರಳು ಸವೆಯುತ್ತದೆ. ಊರಿನವರಿಗೆ ಹೆದರಿ ಮಚ್ಚೆ ಮುಚ್ಚಿಟ್ಟವರೇ ಹೆಚ್ಚಾಗಿ ಊನ ಹೊತ್ತು ಬದುಕುವುದು. ನಮ್ಮ ಭಯವೇ ಅವರ ಕೈ ಕಿತ್ತುಕೊಳ್ಳುತ್ತಿದೆ ಎಂದರೆ ಅತಿಶಯವಲ್ಲ.

2005ರ ಕೊನೆಯಲ್ಲಿ ಭಾರತ, ಕುಷ್ಠ ಇನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯಲ್ಲ ಎಂದು ಘೋಷಿಸಿತು. 10,000 ಜನರಿಗೆ ಒಬ್ಬರಿಗಿಂತ ಕಡಿಮೆ ಎನ್ನುವುದು ಅದರ ಲೆಕ್ಕ. ರೋಗ ಮುಗಿದೇಹೋಯಿತು ಎಂದು ಎಷ್ಟೋ ಜನ ಅಂದುಕೊಂಡರು. ಆದರೆ ದೇಶದಲ್ಲಿ ಈಗಲೂ ವರ್ಷಕ್ಕೆ 1 ಲಕ್ಷದಷ್ಟು ಹೊಸ ರೋಗಿಗಳು ಪತ್ತೆಯಾಗುತ್ತಿದ್ದಾರೆ.

ಇಲ್ಲಿ ಸರ್ಕಾರಕ್ಕೂ ಒಂದು ಮಾತು ಹೇಳಬೇಕು. ನಿಮ್ಮ ಪಂಚಾಯಿತಿಯ ಮನೆ ಕಂದಾಯದ ರಸೀದಿ ತೆಗೆದು ನೋಡಿ. ಆರೋಗ್ಯ, ಶಿಕ್ಷಣ, ಗ್ರಂಥಾಲಯದ ಕರಗಳ ಜೊತೆ ಭಿಕ್ಷುಕರ ಕರ ಶೇ 3 ಎಂದಿರುತ್ತದೆ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ಪ್ರಕಾರ ವಸೂಲಾಗುವ ಹಣ ಅದು. ಆ ಹಣದಲ್ಲಿ ನಡೆಯುವ ನಿರಾಶ್ರಿತರ ಪರಿಹಾರ ಕೇಂದ್ರವೂ ಅದೇ ಮಾಗಡಿ ರಸ್ತೆಯಲ್ಲಿದೆ. 2010ರ ಆಗಸ್ಟ್‌ನಲ್ಲಿ ಅಲ್ಲಿ ಸಾಲು ಸಾಲು ಸಾವುಗಳಾಗಿ ರಾಜ್ಯವೇ ತಲೆ ತಗ್ಗಿಸಿತ್ತು. ಒಂದೇ ರಸ್ತೆಯಲ್ಲಿ ಎರಡು ಆಶ್ರಯ ತಾಣಗಳು. ಒಂದು ನಮ್ಮ ತೆರಿಗೆಯದು, ಇನ್ನೊಂದು ನಾವು ಅನುಮಾನದಿಂದ ನೋಡುವವರದು. ಚರ್ಚ್ ಚೆನ್ನಾಗಿ ನೋಡಿಕೊಳ್ಳುತ್ತದೆ ಎಂದು ಸರ್ಕಾರ ಕೈತೊಳೆದುಕೊಳ್ಳಬಾರದು. ದಾನಿಗಳ ಮನಸ್ಸು ಬದಲಾಗಬಹುದು, ಗುತ್ತಿಗೆ ಮುಗಿಯಬಹುದು. ರೋಗಿಯ ಹಕ್ಕು ಮುಗಿಯಬಾರದು.

ನಮ್ಮ ಅಭಿಪ್ರಾಯ ಇಷ್ಟೆ. ಸುಮನಹಳ್ಳಿಯಂಥ ಕೆಲಸಕ್ಕೆ ಕೈಮುಗಿಯೋಣ. ಆದರೆ ಅಲ್ಲಿಗೆ ಹೋಗುವವರ ಸಂಖ್ಯೆ ಕಡಿಮೆ ಮಾಡುವುದು ಚರ್ಚಿನ ಕೆಲಸವಲ್ಲ, ನಮ್ಮದು. ಮೈಮೇಲೆ ಬಣ್ಣ ಮಾಸಿದ ಅಥವಾ ಕೆಂಪಾದ ಮಚ್ಚೆ ಇದ್ದು, ಅಲ್ಲಿ ಮುಟ್ಟಿದರೂ ಚುಚ್ಚಿದರೂ ಗೊತ್ತಾಗದಿದ್ದರೆ ಆಶಾ ಕಾರ್ಯಕರ್ತೆಗೆ ತೋರಿಸಿ. ತೊನ್ನು ಬೇರೆ, ಇದು ಬೇರೆ. ಯಾವುದೆಂದು ವೈದ್ಯರು ಹೇಳಲಿ, ಅಕ್ಕಪಕ್ಕದವರಲ್ಲ. ಮಾತ್ರೆ ಮುಗಿಸಿ ಬಂದವರನ್ನು ಅದೇ ಪಂಕ್ತಿಯಲ್ಲಿ ಕೂರಿಸಿ, ಅದೇ ಲೋಟದಲ್ಲಿ ಕಾಫಿ ಕೊಡಿ. ಉದ್ಯೋಗ ಖಾತರಿಯ ಕೂಲಿಗೆ, ಸಂಘದ ಸಾಲಕ್ಕೆ ಅವರ ಹೆಸರು ಬರೆಯಿರಿ.

ಪ್ರತಿವರ್ಷ ಜನವರಿ 30ಕ್ಕೆ, ಗಾಂಧೀಜಿ ತೀರಿಕೊಂಡ ದಿನ, ಸ್ಪರ್ಶ್ ಅಭಿಯಾನ ನಡೆಯುತ್ತದೆ. ಗ್ರಾಮಸಭೆಯಲ್ಲಿ ಕುಷ್ಠರೋಗದ ಬಗ್ಗೆ ಪ್ರತಿಜ್ಞೆ ಓದಿಸಬೇಕು. ನಿಮ್ಮ ಪಂಚಾಯಿತಿಯಲ್ಲಿ ಓದಿದರಾ? ಅಧ್ಯಕ್ಷರನ್ನು, ಪಿಡಿಒ ಅವರನ್ನು ಕೇಳಿ. ಓದಿಲ್ಲವೆಂದರೆ ಮುಂದಿನ ಜನವರಿಗೆ ನೀವೇ ಎದ್ದು ನಿಂತು ಓದಿ.