ಬಿಸಿಗಾಳಿ ಬ್ರಷ್ಷೂ ಪೆಟ್ಟಿಗೆಯ ಮೇಲಿಲ್ಲದ ಸಂಖ್ಯೆಯೂ

ಹಾಟ್ ಏರ್ ಬ್ರಷ್ ಎಂಬ ಸಲಕರಣೆಯ ಪೆಟ್ಟಿಗೆಯನ್ನು ಕೈಗೆತ್ತಿಕೊಂಡು ಅದರ ಮೇಲಿನ ಬರಹವನ್ನು ಒಮ್ಮೆ ಪೂರ್ತಿಯಾಗಿ ಓದಿ ನೋಡಿ. ಅಯಾನು ತಂತ್ರಜ್ಞಾನ, ಸೆರಾಮಿಕ್ ಲೇಪ, ಟೂರ್ಮಲೀನ್, ಆರ್ಗನ್ ಎಣ್ಣೆ, ಸಾವಿರದ ಇನ್ನೂರು ವ್ಯಾಟ್, ಮೂರು ವೇಗ, ರೇಷ್ಮೆಯಂಥ ಹೊಳಪು. ಎಲ್ಲವೂ ಇರುತ್ತದೆ. ಆದರೆ ಕೂದಲಿಗೆ ತಗಲುವ ಶಾಖ ಎಷ್ಟು ಡಿಗ್ರಿ ಸೆಲ್ಸಿಯಸ್ ಎಂಬ ಒಂದೇ ಒಂದು ಸಂಖ್ಯೆ ಎಷ್ಟೋ ಪೆಟ್ಟಿಗೆಗಳ ಮೇಲೆ ಇರುವುದಿಲ್ಲ. ಒಲೆ ಮಾರುವವನು ಅದರ ಬಣ್ಣವನ್ನೂ ಬುರುಡೆಯ ವಿನ್ಯಾಸವನ್ನೂ ವರ್ಣಿಸಿ, ಉರಿಯ ಮಾತನ್ನೇ ಎತ್ತದಿದ್ದರೆ ನಾವು ಕೊಳ್ಳುತ್ತೇವೆಯೇ? ಇಲ್ಲಿ ಮಾತ್ರ ಎರಡು ಮೂರು ಸಾವಿರ ರೂಪಾಯಿ ಎಣಿಸಿಕೊಟ್ಟು ಸುಮ್ಮನೆ ಬರುತ್ತೇವೆ.

ನಿವೃತ್ತ ವಿಜ್ಞಾನದ ಮೇಷ್ಟ್ರಿಗೆ ಹೆಣ್ಣುಮಕ್ಕಳ ಕೂದಲಿನ ಉಸಾಬರಿ ಏಕೆ ಎಂದು ನಮ್ಮ ಮನೆಯಲ್ಲಿಯೇ ಕೇಳಿದವರುಂಟು. ಶಾಖ, ತೇವ, ವಿದ್ಯುತ್ತು ಈ ಮೂರೂ ಪ್ರೌಢಶಾಲೆಯ ಪಾಠಗಳೇ. ಪರೀಕ್ಷೆಗೆ ಬಾಯಿಪಾಠ ಮಾಡಿ ಅಂಗಡಿಯ ಬಾಗಿಲಲ್ಲಿ ಮರೆತುಬಿಡುವುದಾದರೆ ಆ ಪಾಠಗಳು ಏತಕ್ಕೆ?

ಕೂದಲು ಕೆರಟಿನ್ ಎಂಬ ಪ್ರೋಟೀನಿನಿಂದಾದುದು. ಅದರ ಆಕಾರವನ್ನು ಹಿಡಿದಿಡುವ ಬಂಧಗಳಲ್ಲಿ ಎರಡು ನಮಗಿಲ್ಲಿ ಮುಖ್ಯ. ಗಂಧಕದ ಪರಮಾಣುಗಳ ನಡುವಿನ ಬಂಧ ಗಟ್ಟಿಯಾದುದು. ಅದನ್ನು ಮುರಿಯಲು ರಾಸಾಯನಿಕಗಳು ಬೇಕು. ಜಲಜನಕದ ಬಂಧ ದುರ್ಬಲವಾದುದು. ಬರಿಯ ನೀರೇ ಅದನ್ನು ಸಡಿಲಿಸುತ್ತದೆ, ಒಣಗಿದಾಗ ಆ ಕ್ಷಣದ ಆಕಾರದಲ್ಲಿಯೇ ಮತ್ತೆ ಕೂಡಿಕೊಳ್ಳುತ್ತದೆ. ಹತ್ತಿಯ ಅಂಗಿಗೆ ನೀರು ಚಿಮುಕಿಸಿ ಇಸ್ತ್ರಿ ಮಾಡುವಾಗ ನಡೆಯುವುದೂ ಇಂಥದ್ದೇ. ಬಿಸಿಗಾಳಿ ಬ್ರಷ್ ಮಾಡುವ ಕೆಲಸವೆಲ್ಲ ಈ ದುರ್ಬಲ ಬಂಧದ ಮೇಲೆಯೇ. ಅಂದರೆ ಸ್ವಲ್ಪ ತೇವ, ಸ್ವಲ್ಪ ಶಾಖ, ಆಮೇಲೆ ತಣ್ಣಗಾಗಲು ಸ್ವಲ್ಪ ವ್ಯವಧಾನ ಇದ್ದರೆ ಸಾಕು. ಕೂದಲನ್ನು ಹುರಿಯಬೇಕಾದ ಅಗತ್ಯವೇ ಇಲ್ಲ.

ಇನ್ನೊಂದು ಗೊಂದಲವನ್ನು ವ್ಯಾಪಾರಿಗಳೇ ಸೃಷ್ಟಿಸಿದ್ದಾರೆ. 'ಹೇರ್ ಬ್ರಷ್' ಎಂಬ ಒಂದೇ ಹೆಸರಿನ ಅಡಿಯಲ್ಲಿ ಎರಡು ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತವೆ. ಒಂದು, ಒಳಗೆ ಫ್ಯಾನು ಇದ್ದು ರಂಧ್ರಗಳಿಂದ ಬಿಸಿಗಾಳಿ ಊದುವಂಥದ್ದು. ಇದನ್ನು ಅರೆತೇವದ ಕೂದಲಿಗೆ ಬಳಸಬಹುದು. ಇನ್ನೊಂದರಲ್ಲಿ ಗಾಳಿಯೇ ಇಲ್ಲ. ಕಾದ ಹಲ್ಲುಗಳು ನೇರವಾಗಿ ಕೂದಲನ್ನು ಮುಟ್ಟುತ್ತವೆ, ಶಾಖ 200 ಡಿಗ್ರಿಯವರೆಗೂ ಏರಬಹುದು. ಅದನ್ನು ಪೂರ್ತಿ ಒಣಗಿದ ಕೂದಲಿಗೆ ಮಾತ್ರ ಬಳಸತಕ್ಕದ್ದು. ಮೊದಲನೆಯದರ ವಿಧಾನವನ್ನು ಕೇಳಿ ತಿಳಿದು ಎರಡನೆಯದನ್ನು ಕೊಂಡು, ಸ್ನಾನ ಮುಗಿಸಿ ಬಂದವಳೇ ಒದ್ದೆ ಕೂದಲಿಗೆ ಹಚ್ಚಿದರೆ ಚುರ್ ಎಂದು ಸದ್ದಾಗುತ್ತದೆ. ಅದು ಕೂದಲಿನೊಳಗಿನ ನೀರು ಕುದಿಯುವ ಸದ್ದು. ಹಾಗೆ ಕುದಿದ ನೀರು ಆವಿಯಾಗಿ ಹಿಗ್ಗಿ ಎಳೆಯೊಳಗೆ ಗುಳ್ಳೆಗಳನ್ನು ಮಾಡುತ್ತದೆ. ಚರ್ಮವೈದ್ಯರು ಇದನ್ನು 'ಬಬಲ್ ಹೇರ್' ಎಂದೇ ಕರೆಯುತ್ತಾರೆ. ಗುಳ್ಳೆ ಬಿದ್ದ ಎಳೆ ಅಲ್ಲಿಯೇ ಮುರಿಯುತ್ತದೆ. ಯಾವ ಎಣ್ಣೆಯೂ, ಯಾವ ಸೀರಮ್ಮೂ ಅದನ್ನು ಮತ್ತೆ ಕೂಡಿಸಲಾರದು.

ಹಾಗೆಂದು "ಬಿಸಿಯೇ ಬೇಡ, ನಮ್ಮ ಕಾಲದಲ್ಲಿ ಬಿಸಿಲಲ್ಲಿ ಕೂತು ಒಣಗಿಸುತ್ತಿದ್ದೆವು" ಎನ್ನುವ ಹಿರಿಯರ ಪಕ್ಷವನ್ನೂ ನಾನು ವಹಿಸಲಾರೆ. ದಕ್ಷಿಣ ಕೊರಿಯಾದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಹೇರ್ ಡ್ರೈಯರನ್ನು 15 ಸೆಂಟಿಮೀಟರ್ ದೂರದಲ್ಲಿ ಹಿಡಿದು ಆಡಿಸುತ್ತ ಒಣಗಿಸಿದಾಗ, ತಾನಾಗಿಯೇ ಒಣಗಲು ಬಿಟ್ಟ ಕೂದಲಿಗಿಂತ ಹಾನಿ ಕಡಿಮೆ ಎಂದು ಕಂಡುಬಂದಿತು. ಬಹಳ ಹೊತ್ತು ಒದ್ದೆಯಾಗಿರುವುದೂ ಕೂದಲಿಗೆ ಒಳ್ಳೆಯದಲ್ಲ ಎಂದಾಯಿತು. ಆದರೆ ಅದೇ ಅಧ್ಯಯನದ ಅಂಕಿಗಳನ್ನು ಗಮನಿಸಿ: 15 ಸೆಂಟಿಮೀಟರ್ ದೂರದಲ್ಲಿ ಶಾಖ 47 ಡಿಗ್ರಿ; 5 ಸೆಂಟಿಮೀಟರಿಗೆ ಬಂದರೆ 95 ಡಿಗ್ರಿ. ಡ್ರೈಯರಿನ ರಕ್ಷಣೆಯೆಲ್ಲ ಆ ದೂರದಲ್ಲಿದೆ. ಬ್ರಷ್ಷಿನಲ್ಲಿ ದೂರವೆಂಬುದೇ ಇಲ್ಲ. ಕೂದಲನ್ನು ಅದಕ್ಕೇ ಸುತ್ತಬೇಕು. ಆದ್ದರಿಂದಲೇ ಟವೆಲ್ಲಿನಿಂದ ಒತ್ತಿ, ಫ್ಯಾನಿನ ಕೆಳಗೋ ದೂರ ಹಿಡಿದ ಡ್ರೈಯರಿನಿಂದಲೋ ಮುಕ್ಕಾಲು ಪಾಲು ಒಣಗಿಸಿ, ಕೊನೆಯ ಕಾಲು ಪಾಲಿಗೆ ಮಾತ್ರ ಬ್ರಷ್ ಹಿಡಿಯಬೇಕು. "ಒಂದೇ ಹೆಜ್ಜೆಯಲ್ಲಿ ಒಣಗಿಸಿ, ಅಲಂಕರಿಸಿ" ಎಂಬ ಜಾಹೀರಾತಿನ ಘೋಷಣೆಗೆ ನನ್ನ ಮುಖ್ಯ ಆಕ್ಷೇಪಣೆ ಇದೇ. ಬೆಳಿಗ್ಗೆ ಆಫೀಸಿನ ಬಸ್ಸಿಗೆ ಹತ್ತು ನಿಮಿಷ ಉಳಿದಿರುವ ಹುಡುಗಿಗೆ ತೊಟ್ಟಿಕ್ಕುವ ಕೂದಲಿನಿಂದ ಆರಂಭಿಸಲು ಹೇಳಿಕೊಡುವುದು ಅದೇ ಘೋಷಣೆ.

ಅಯಾನಿನ ವಿಷಯ. ಕೂದಲಿನಲ್ಲಿ ಸ್ಥಿರ ವಿದ್ಯುತ್ತು ಸೇರಿ ಎಳೆಗಳು ಎದ್ದು ನಿಲ್ಲುವುದನ್ನು ಋಣ ಅಯಾನುಗಳು ಅಷ್ಟಿಷ್ಟು ತಗ್ಗಿಸಬಹುದು. ಶಾಖವನ್ನು ಅವು ಒಂದು ಡಿಗ್ರಿಯಷ್ಟೂ ಇಳಿಸವು. ಈ ಪದವನ್ನು ರಕ್ಷಾಕವಚವೆಂಬಂತೆ ಅಚ್ಚು ಹಾಕುವುದು ನಾವು ಕಲಿಸಿದ ರಸಾಯನಶಾಸ್ತ್ರಕ್ಕೆ ಮಾಡುವ ಅವಮಾನ.

ಕೊಳ್ಳುವಾಗ ಕೇಳಬೇಕಾದದ್ದು ಕಡಿಮೆ ಶಾಖದ ಗುಂಡಿ ಇದೆಯೇ, ತಣ್ಣನೆಯ ಗಾಳಿ ಬರುತ್ತದೆಯೇ ಎಂದು. ಸುತ್ತಿದ ಎಳೆಗೆ ಬಿಡುವ ಮೊದಲು ಹತ್ತು ಎಣಿಸುವಷ್ಟು ಹೊತ್ತು ತಣ್ಣನೆಯ ಗಾಳಿ ಕೊಟ್ಟರೆ ಆಕಾರ ನಿಲ್ಲುತ್ತದೆ, ಶಾಖ ಹೆಚ್ಚಿಸುವುದರಿಂದಲ್ಲ. ಗಿಡ್ಡ ಕೂದಲಿಗೆ ಸಣ್ಣ ಉರುಳೆ, ಉದ್ದ ಕೂದಲಿಗೆ ದಪ್ಪನೆಯದು. ಎಣ್ಣೆ ಹಚ್ಚಿದ ತಲೆಗೆ ಬ್ರಷ್ ತಾಗಿಸಕೂಡದು. ಜಿಡ್ಡಿಗೆ ಧೂಳು ಅಂಟಿಕೊಳ್ಳುತ್ತದೆ, ಗಾಳಿ ಒಳಹೋಗುವ ಜಾಲರಿ ಕಟ್ಟಿಕೊಂಡರೆ ಯಂತ್ರ ಮಿತಿಮೀರಿ ಕಾಯುತ್ತದೆ. ಕರೆಂಟು ಹೋದಾಗ ಯುಪಿಎಸ್ ನೆಚ್ಚಿಕೊಂಡು ಇದನ್ನು ಓಡಿಸಬೇಡಿ. 1200 ವ್ಯಾಟ್ ಎಂದರೆ ನಮ್ಮ 230 ವೋಲ್ಟಿಗೆ ಐದು ಆಂಪಿಯರಿಗೂ ಮಿಗಿಲು. ನೀವೇ ಭಾಗಿಸಿ ನೋಡಿ.

ಮಂಗಳೂರು, ಉಡುಪಿಯ ಕಡೆಯವರಿಗೆ ಒಂದು ಮಾತು. ಮಳೆಗಾಲದ ಆ ಗಾಳಿಯ ತೇವವೇ ಸಾಕು, ಜಲಜನಕದ ಬಂಧವನ್ನು ಮತ್ತೆ ಸಡಿಲಿಸಲು. ಬೆಳಿಗ್ಗೆ ನೆಟ್ಟಗಾದುದು ಮಧ್ಯಾಹ್ನಕ್ಕೆ ಮತ್ತೆ ಸುರುಳಿಯಾಗುತ್ತದೆ. ಅದು ಬ್ರಷ್ಷಿನ ದೋಷವಲ್ಲ, ನಿಮ್ಮದೂ ಅಲ್ಲ. ಇನ್ನೂ ಹೆಚ್ಚು ಶಾಖ ಕೊಟ್ಟು ಪ್ರಯೋಜನವೂ ಇಲ್ಲ. ಕವಿಗಳು ಮುಂಗುರುಳನ್ನು ಹೊಗಳಿದ ಭಾಷೆ ನಮ್ಮದು. ಆದರೂ ಹೆಣ್ಣು ನೋಡುವ ದಿನ ಬಂತೆಂದರೆ ಗುಂಗುರು ಕೂದಲನ್ನು ಜಾತಕದ ದೋಷದಂತೆ ಮರೆಮಾಚುವ ಅತ್ತೆ, ಚಿಕ್ಕಮ್ಮಂದಿರು ನಮ್ಮ ಬಂಧುಗಳಲ್ಲಿಯೇ ಇದ್ದಾರೆ. ಅವರು ಓದಲೆಂದೇ ಇದನ್ನು ಬರೆಯುತ್ತಿದ್ದೇನೆ. ಬ್ರಷ್ ಸಾಲದೆಂದು ಪಾರ್ಲರಿನ ರಾಸಾಯನಿಕ ಚಿಕಿತ್ಸೆಗೆ ಮಗುವನ್ನು ಕರೆದೊಯ್ಯುವ ಮುನ್ನ ತಿಳಿದಿರಿ: ಅಂಥ ಕೆಲವು ದ್ರಾವಣಗಳಿಂದ ಹೊರಡುವ ಫಾರ್ಮಾಲ್ಡಿಹೈಡಿನ ಬಗ್ಗೆ ಅಮೆರಿಕದ ಸರ್ಕಾರಿ ಸಂಸ್ಥೆಗಳು 2011ರಲ್ಲಿಯೇ ಎಚ್ಚರಿಕೆ ನೀಡಿವೆ. ನಾವು ಜೀವಶಾಸ್ತ್ರದ ಪ್ರಯೋಗಾಲಯದಲ್ಲಿ ಕಪ್ಪೆಯನ್ನು ಕೆಡದಂತೆ ಇಡುತ್ತಿದ್ದ ಫಾರ್ಮಲಿನ್ ಎಂದರೆ ನೀರಿನಲ್ಲಿ ಕರಗಿದ ಅದೇ ಅನಿಲ.

ಕೊನೆಯದಾಗಿ ಅಮೆರಿಕದಲ್ಲಿರುವ ವಿದ್ಯಾರ್ಥಿಗಳಿಗೆ. ರಜೆಗೆ ಬರುವಾಗ ತಂಗಿಗೋ ನಾದಿನಿಗೋ ಅಲ್ಲಿಯ ಬ್ರಷ್ ತರುವ ಪ್ರೀತಿ ನನಗೆ ಅರ್ಥವಾಗುತ್ತದೆ. ಅದು 120 ವೋಲ್ಟಿನದು. ಪಿನ್ನು ಬದಲಿಸುವ ಅಡಾಪ್ಟರು ವೋಲ್ಟೇಜನ್ನು ಬದಲಿಸುವುದಿಲ್ಲ. ರೋಧ ಅಷ್ಟೇ ಇದ್ದಾಗ ಸಾಮರ್ಥ್ಯವು ವೋಲ್ಟೇಜಿನ ವರ್ಗಕ್ಕೆ ಅನುಗುಣ. 1100 ವ್ಯಾಟಿನ ಬ್ರಷ್ ಇಲ್ಲಿ ಸುಮಾರು 4000 ವ್ಯಾಟ್ ಎಳೆಯಲು ಹೋಗಿ ಹೊಗೆಯಾಡುತ್ತದೆ, ಅದೂ ಹುಡುಗಿಯ ಕಿವಿಯ ಪಕ್ಕದಲ್ಲಿ. ಅಷ್ಟು ದೊಡ್ಡ ಟ್ರಾನ್ಸ್‌ಫಾರ್ಮರ್ ಹೊತ್ತು ತರುವುದಕ್ಕಿಂತ ಇಲ್ಲಿಯೇ ಒಂದನ್ನು ಕೊಡಿಸಿ. ಸೂಟ್‌ಕೇಸಿನಲ್ಲಿ ಉಳಿದ ಜಾಗಕ್ಕೆ ಮಕ್ಕಳಿಗೆ ಪುಸ್ತಕ ತನ್ನಿ.