ಬೀಗ ಹಾಕಿದವರು ಉತ್ತರ ಕೊಡಲಿ!

ಬೈಕೇರಿ ಹಳೇಬೀಡಿಗೆ ಹೋಗುವ ಬೆಂಗಳೂರಿನ ಗೆಳೆಯರೇ, ಪಕ್ಕದ ಹುಲಿಕೆರೆಯಲ್ಲಿ ಹೊಯ್ಸಳರ ಕಲ್ಯಾಣಿಯ ಮುಂದೆ ಫೋಟೊ ತೆಗೆಸಿಕೊಂಡಿರುತ್ತೀರಿ. ಒಳ್ಳೆಯದು. ಇಂಥ ಹಳ್ಳಿಗಳ ಸರ್ಕಾರಿ ಕನ್ನಡ ಶಾಲೆಗಳು ಕೊರೊನಾ ಕಾಲದಲ್ಲಿ ಹೇಗೆ ಉಸಿರು ಹಿಡಿದುಕೊಂಡವು ಎಂದು ಎಂದಾದರೂ ಕೇಳಿದ್ದೀರಾ?

2020ರ ಮಾರ್ಚ್‌ನಲ್ಲಿ ಶಾಲೆಗಳಿಗೆ ಬೀಗ ಬಿತ್ತು. ನಗರದ ಖಾಸಗಿ ಶಾಲೆಗಳು ಆನ್‌ಲೈನ್ ಪಾಠಕ್ಕೆ ಇಳಿದವು. ಚಿಕ್ಕ ಮಕ್ಕಳಿಗೆ ಅದು ಬೇಡವೆಂದು ಸರ್ಕಾರ ಜೂನ್‌ನಲ್ಲಿ ಆದೇಶಿಸಿತು. ಪೋಷಕರು ಹೈಕೋರ್ಟಿಗೆ ಹೋದರು. ಜುಲೈ 8ರಂದು ಆದೇಶಕ್ಕೆ ತಡೆ ಬಿತ್ತು. ಫೋನು, ನೆಟ್ ಇದ್ದವರ ಮಕ್ಕಳು ಪಾರಾದರು. ಇಲ್ಲದವರ ಮಕ್ಕಳ ಗತಿ?

ಅವರ ಬೆನ್ನಿಗೆ ನಿಂತವರು ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕರು. ಆಗಸ್ಟ್‌ನಲ್ಲಿ 'ವಿದ್ಯಾಗಮ' ಶುರುವಾಯಿತು. ಯಾರ ಮನೆಯಲ್ಲಿ ಸ್ಮಾರ್ಟ್‌ಫೋನು ಇದೆ, ಯಾರಲ್ಲಿ ಬರೀ ಮಾತಾಡುವ ಫೋನಿದೆ, ಯಾರಲ್ಲಿ ಅದೂ ಇಲ್ಲ ಎಂದು ಮಕ್ಕಳ ಪಟ್ಟಿಯಾಯಿತು. ಏನೂ ಇಲ್ಲದ ಮಗುವಿನ ಊರಿಗೆ ಮೇಷ್ಟ್ರೇ ಹೋದರು. ದೇವಸ್ಥಾನದ ಜಗಲಿ, ಮರದ ನೆರಳು ಶಾಲೆಯಾದವು. ಜನ ಅದನ್ನು ವಠಾರ ಶಾಲೆ ಎಂದರು.

ಅಕ್ಟೋಬರ್‌ನಲ್ಲಿ ಶಿಕ್ಷಕರಿಗೆ, ಮಕ್ಕಳಿಗೆ ಸೋಂಕು ತಗುಲಿದ ಸುದ್ದಿ ಬಂತು. 10ನೇ ತಾರೀಕು ಇಡೀ ರಾಜ್ಯದಲ್ಲಿ ವಿದ್ಯಾಗಮ ನಿಂತಿತು. ಜೀವಕ್ಕಿಂತ ಪಾಠ ದೊಡ್ಡದಲ್ಲ, ನಿಜ. ಆದರೆ ಸೋಂಕಿದ್ದ ಊರಿನಲ್ಲಿ ನಿಲ್ಲಿಸಿ, ಇಲ್ಲದ ಊರಿನಲ್ಲಿ ನಡೆಸುವ ಅಧಿಕಾರ ಮುಖ್ಯ ಶಿಕ್ಷಕರಿಗೆ ಯಾಕಿರಲಿಲ್ಲ? ಬೀದರಿನಿಂದ ಚಾಮರಾಜನಗರದವರೆಗೆ ಒಂದೇ ಬೀಗವೇ?

2021ರ ಜನವರಿಯಲ್ಲಿ ಮತ್ತೆ ಕರೆದದ್ದು 6ನೇ ತರಗತಿ ಮತ್ತು ಮೇಲಿನವರನ್ನು. 1ರಿಂದ 5ನೇ ತರಗತಿಗೆ ಶಾಲೆ ತೆರೆದದ್ದು ಆ ವರ್ಷದ ಅಕ್ಟೋಬರ್ 25ರಂದು. ಅಕ್ಷರ ತಿದ್ದುವ ವಯಸ್ಸಿನವರೇ ಎಲ್ಲರಿಗಿಂತ ಕೊನೆಗೆ!

ಫಲವೇನು? ಕರ್ನಾಟಕವೂ ಸೇರಿ ಐದು ರಾಜ್ಯಗಳ ಸರ್ಕಾರಿ ಶಾಲೆಗಳಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ನಡೆಸಿದ ಅಧ್ಯಯನ 2021ರಲ್ಲಿ ಹೊರಬಂತು. 2ರಿಂದ 6ನೇ ತರಗತಿಯ ಶೇ. 92 ಮಕ್ಕಳು ಹಿಂದಿನ ವರ್ಷ ಕಲಿತಿದ್ದ ಒಂದಾದರೂ ಭಾಷಾ ಸಾಮರ್ಥ್ಯ ಕಳೆದುಕೊಂಡಿದ್ದರು. ನಮ್ಮ ಹಳ್ಳಿಯ ಮಗು ಕಳೆದುಕೊಂಡದ್ದು ಕನ್ನಡವನ್ನು!

ನಮ್ಮ ಒತ್ತಾಯ ಸ್ಪಷ್ಟ. ನಾಳೆ ಇನ್ನೊಂದು ಪಿಡುಗು ಬಂದರೆ, ಶಾಲೆ ಎಲ್ಲಿ, ಹೇಗೆ ನಡೆಯಬೇಕೆಂದು ಆ ಊರಿನ ಆರೋಗ್ಯ ಸಿಬ್ಬಂದಿಯ ಮಾತು ಕೇಳಿ ಮುಖ್ಯ ಶಿಕ್ಷಕರು ಮತ್ತು ಎಸ್‌ಡಿಎಂಸಿ ತೀರ್ಮಾನಿಸಲಿ. ಆ ಅಧಿಕಾರವನ್ನು ಸರ್ಕಾರ ಇಂದೇ ಬರೆದುಕೊಡಲಿ. ಖಾಲಿ ಬಿದ್ದಿರುವ ಮೇಷ್ಟ್ರ ಹುದ್ದೆಗಳನ್ನು ತುಂಬಲಿ.

ಕನ್ನಡದ ನಾಮಫಲಕಕ್ಕಾಗಿ ಬೀದಿಗಿಳಿಯುವ ತರುಣರೇ, ಆ ಫಲಕವನ್ನು ಓದಲಾರದ ಮಗುವಿಗಾಗಿಯೂ ಇಳಿಯೋಣ. ನಿಮ್ಮೂರಿನ ಶಾಲೆಗೆ ಈ ವಾರವೇ ಹೋಗಿ, ಏನು ಬೇಕೆಂದು ಕೇಳಿ.